ಒಂದು ಗೇಣು ಬುಡ

ಘೇಂಡಾಮೃಗದ ಕೊಂಬು ಕೊಯ್ಯೋದು ನನ್ನ ಕೆಲಸ. ಮೂಗು ಮುರೀಬೇಡಿ, ಉಗುರು ಕತ್ತರಿಸಿದ ಹಾಗೆ ಅಷ್ಟೆ, ನೋವಾಗಲ್ಲ, ಮತ್ತೆ ಬೆಳೆಯುತ್ತೆ. ಡಾಕ್ಟರ್ ಮತ್ತಿನ ಸೂಜಿ ಹೊಡೀತಾನೆ, ನಾನು ಅದರ ಕಣ್ಣಿಗೆ ಬಟ್ಟೆ ಕಟ್ಟಿ, ನಾಲ್ಕು ಬೆರಳು ಬುಡ ಬಿಟ್ಟು ಗರಗಸ ಇಡ್ತೀನಿ. ಅಷ್ಟು ಚೋಟುದ್ದ ತುಂಡಿಗೆ ಯಾವ ಕಳ್ಳನೂ ಜೀವ ಒತ್ತೆ ಇಡಲ್ಲ.

ಆ ಸಲ ಅಜ್ಜಿಯ ಸರದಿ. ಒಕ್ಕಣ್ಣಿನ ಮುದಿ ಹೆಣ್ಣು. ಅಜ್ಜಿ ಅಂತ ಹೆಸರಿಟ್ಟಿದ್ದು ಅವಳ ಕಾವಲುಗಾರ, ನನ್ನ ತಮ್ಮ. ಗರಗಸ ಎತ್ತೋ ಹೊತ್ತಿಗೆ ಅವಳ ಉಸಿರು ಏರುಪೇರಾಯ್ತು. "ಬೇಗ ಮುಗಿಸೋ, ಸತ್ತೋಗ್ತಾಳೆ!" ಅಂತ ಡಾಕ್ಟರ್ ಕಿರುಚಿದ. ಕೆಳಗೆ ಕೊಂಬು ದಪ್ಪ, ಕೊಯ್ಯೋಕೆ ಹೊತ್ತು ಹಿಡಿಯುತ್ತೆ. "ಅಣ್ಣ, ಮೇಲೇ ಕೊಯ್ದುಬಿಡು" ಅಂತ ತಮ್ಮ ಅಳೋದಕ್ಕೇ ಶುರುಮಾಡಿದ. ಗರಗಸ ಮೇಲಕ್ಕೆ ಸರಿಸಿದೆ. ಒಂದು ಗೇಣು ಬುಡ ಉಳಿಸಿಬಿಟ್ಟೆ.

ಕೊಯ್ದ ಕೊಂಬು ಕಬ್ಬಿಣದ ಕೋಣೆ ಸೇರಿತು. ಮಾರೋ ಹಾಗಿಲ್ಲ. ಕಾನೂನು ಬಿಟ್ಟರೆ ಮಾರಿ, ಇನ್ನಷ್ಟು ಕಾವಲುಗಾರರನ್ನ ಇಡ್ತೀನಿ ಅಂತಾನೆ ಈ ಘೇಂಡಾಮೃಗಗಳನ್ನೆಲ್ಲ ಸಾಕಿರೋ ನಮ್ಮ ಧಣಿ. ಒಮ್ಮೆ ಅಂಗಡಿ ತೆರೆದರೆ ಕಳ್ಳಮಾಲೂ ಅದೇ ಬಾಗಿಲಲ್ಲಿ ಬರುತ್ತೆ ಅಂತಾರೆ ಪ್ರಾಣಿ ಸಂಘದ ಮೇಡಂ. ವರ್ಷಗಟ್ಟಲೆ ಇಬ್ಬರದೂ ಅದೇ ರಾಗ.

ಒಂಬತ್ತನೇ ದಿನ ಮಟಮಟ ಮಧ್ಯಾಹ್ನ ಗುಂಡಿನ ಸದ್ದು. ಓಡಿದೆ. ಅಜ್ಜಿಗೆ ಮುಖವೇ ಇರಲಿಲ್ಲ. ಕಣ್ಣಿನವರೆಗೂ ಕೊಡಲಿಯಲ್ಲಿ ಕಡಿದು ಆ ಗೇಣುದ್ದ ಬುಡ ಕಿತ್ತಿದ್ದರು, ಬೋಳೀಮಕ್ಕಳು. ಅಷ್ಟಾದರೂ ಅವಳು ಬದುಕಿದ್ದಳು. ಉಸಿರು ಬಿಟ್ಟಾಗಲೆಲ್ಲ ರಕ್ತ ನೊರೆನೊರೆಯಾಗಿ ಉಕ್ಕುತ್ತಿತ್ತು. ಪಕ್ಕದಲ್ಲೇ ನನ್ನ ತಮ್ಮ, ಎರಡೂ ಕೈಯಲ್ಲಿ ಹೊಟ್ಟೆ ಅದುಮಿಕೊಂಡು ಬಿದ್ದಿದ್ದ.

"ಮೊದಲು ಅವಳಿಗೆ ಹೊಡಿ ಅಣ್ಣ, ನೋಡೋಕಾಗ್ತಿಲ್ಲ" ಅಂದ.

ಅವನದೇ ಬಂದೂಕು ತೊಗೊಂಡು ಅವಳ ಕಿವಿಯ ಹಿಂದೆ ಹೊಡೆದೆ. ತಿರುಗಿ ನೋಡಿದರೆ ಅವನೂ ಹೋಗಿದ್ದ.

ಮುಂದಿನ ವಾರ ಸಂತಾಪ ಸಭೆ. ಗೋಡೆಯ ಮೇಲೆ ತಮ್ಮನ ಫೋಟೋ.

"ಮಾರೋಕೆ ಬಿಟ್ಟಿದ್ದರೆ ಈ ಹುಡುಗ ಇವತ್ತು ಬದುಕಿರ್ತಿದ್ದ" ಅಂತ ಧಣಿ ಗುಡುಗಿದ.

"ನಿಮ್ಮ ಮಾರಾಟದ ಮಾತು ಕೇಳಿಯೇ ಕಳ್ಳರ ಬಾಯಲ್ಲಿ ನೀರೂರಿದ್ದು" ಅಂದರು ಮೇಡಂ.

ಥೂ! ಇಬ್ಬರೂ ನನ್ನ ತಮ್ಮನ ಹೆಣ ಹಿಡಿದು ಎಳೆದಾಡ್ತಿದ್ದರು. ಎದ್ದು ಹೋಗಿ ಧಣಿಯ ಬಾಯಿಗೆ ಗುದ್ದಿದೆ. ಹಲ್ಲೊಂದು ಮೇಜಿನ ಮೇಲೆ ಬಿತ್ತು. ನಾಲ್ಕು ಜನ ನನ್ನನ್ನು ಹಿಡಕೊಂಡರು.

"ಹಂಗಾದ್ರೆ ನೀನು ಮೇಡಂ ಕಡೆಯೇನೋ?" ಅಂತ ಯಾರೋ ಕೂಗಿದರು.

ರಕ್ತ ಹತ್ತಿದ ಕೈ ಬಿಡಿಸಿಕೊಂಡು ಎತ್ತಿ ಹಿಡಿದೆ. ಮೊದಲು ನಾಲ್ಕು ಬೆರಳು ತೋರಿಸಿದೆ, ಆಮೇಲೆ ಗೇಣು. ಎಲ್ಲರೂ ಪಿಳಿಪಿಳಿ ನೋಡಿದರು. ಡಾಕ್ಟರ್ ಮಾತ್ರ ಎದ್ದು ಹೊರಗೆ ಹೋದ.