ಒಂದು ದೀರ್ಘದ ಅಂತರ

ಇನ್‌ಸ್ಪೆಕ್ಟರ್ ರಅಫತ್ ಸಾಹೇಬರು ಮಕ್ಕಳ ಪರೀಕ್ಷೆಗೆಂದು ನನ್ನ ತರಗತಿಗೆ ಬರುವ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಈಜಿಪ್ಟಿನ ಕೋಮ್ ಓಂಬೋದ ಬಿಸಿಲು, ಬೆಂಚಿನ ತುಂಬ ಇಕ್ಕಟ್ಟಾಗಿ ಕೂತ ಮಕ್ಕಳು, ತಿರುಗದ ಫ್ಯಾನು. ಪ್ರತಿ ವರ್ಷ ಯಾರಾದರೊಬ್ಬರು ಬಂದು ದಡ್ಡರನ್ನು ಆರಿಸಿ ಹಿಂದಿನ ಕೊಠಡಿಗೆ ಅಟ್ಟುತ್ತಾರೆ. ಅಲ್ಲಿಗೆ ಹೋದ ಮಗು ನಾಲ್ಕಕ್ಷರ ಕಲಿತು ಹೊರಬಂದದ್ದನ್ನು ಇಷ್ಟು ವರ್ಷ ಎಲ್ಲರಿಗೂ ಅಬ್ಲಾ, ಅಂದರೆ ಟೀಚರಮ್ಮ, ಆಗಿರುವ ನಾನು ಕಂಡಿಲ್ಲ. ಹೋಗುವವರೆಲ್ಲ ನಮ್ಮ ನೂಬಿಯಾದ ಮಕ್ಕಳೇ. ಆಕಸ್ಮಿಕವಂತೆ, ನಂಬಬೇಕು.

ಈ ಸಲದ ಸರದಿ ನಬ್ರಾಳದು. ಅಜ್ಜಿಯೇ ಸಾಕುತ್ತಿರುವ ಹುಡುಗಿ. ಲೆಕ್ಕದಲ್ಲಿ ಚುರುಕು, ಅರಬ್ಬಿಯಲ್ಲಿ ತಡವರಿಕೆ.

"ಅಮಾನ್ ಅಂದ್ರೆ ಏನಮ್ಮಾ?" ಸಾಹೇಬರು ಕೇಳಿದರು.

ನಬ್ರಾಳ ಮುಖ ಅರಳಿತು. "ನೀರು! ನಮ್ ದೊಡ್ಡ ನದಿ!"

ತರಗತಿ ಗೊಳ್ಳೆಂದಿತು. "ಹೋಗೇ, ಒಂದು ಲೋಟ ಅಮಾನ್ ಕುಡ್ಕೊಂಡ್ ಬಾ," ಎಂದು ಹಿಂದಿನಿಂದ ಯಾರೋ ಕೂಗಿದರು.

ಅರಬ್ಬಿಯಲ್ಲಿ ಅಮಾನ್ ಎಂದರೆ ಅಭಯ, ನೆಮ್ಮದಿಯ ನೆಲೆ. ನಮ್ಮ ಮಾತಿನಲ್ಲಿ ಅಮನ್ ಎಂದರೆ ನೀರು, ನೈಲ್ ನದಿ. ನಡುವೆ ಇರುವುದು ಒಂದೇ ಒಂದು ದೀರ್ಘ.

"ಸರ್, ಅವಳು ಹೇಳಿದ್ದು ತಪ್ಪಲ್ಲ, ಅವಳ ಮನೆಮಾತಲ್ಲಿ..."

"ಮನೇಲಿ ಏನಾದ್ರೂ ಗೊಣಗಿಕೊಳ್ಳಲಿ ಅಬ್ಲಾ. ಪರೀಕ್ಷೆ ಎಲ್ಲರಿಗೂ ಒಂದೇ. ನ್ಯಾಯ ಅಂದ್ರೆ ಅದೇ ತಾನೆ?"

ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ನನ್ನ ಬೆರಳು ಸವೆದಿವೆ. ವಾದ ಮಾಡುವ ತ್ರಾಣವಿರಲಿಲ್ಲ. ಆದರೂ ಆ ಕೊಠಡಿಯ ಬಾಗಿಲು ನೆನಪಾಗಿ ಇನ್ನೊಂದು ಸಲ ಬಾಯಿ ಹಾಕಿದೆ.

"ಅರ್ಥ ಬೇಡ ಸರ್. ಆ ಪದ ಹಾಕಿ ಒಂದು ವಾಕ್ಯ ಹೇಳಲಿ."

"ಸರಿ, ಹೇಳಲಿ."

ನಬ್ರಾ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರಾಡುತ್ತಿತ್ತು. ಅರಬ್ಬಿಯಲ್ಲಿ ಒಂದೊಂದೇ ಪದ ಹೆಕ್ಕಿ ಹೇಳಿದಳು: "ಅಣೆಕಟ್ಟು ಕಟ್ಟಿದಾಗ ನಮ್ಮನ್ನ ಅಮನ್ ಬಿಡಿಸಿ ಇಲ್ಲಿಗೆ ತಂದುಹಾಕಿದ್ರು. ಇಲ್ಲಿ ಅಮನ್ ಇಲ್ಲ ಅಂತ ಅಜ್ಜಿ ಅಳ್ತಾಳೆ."

ಸಾಹೇಬರು ತೊಡೆ ತಟ್ಟಿದರು. "ಶಭಾಷ್! ಗೊತ್ತಿದ್ದೂ ತಮಾಷೆ ಮಾಡ್ತಿದ್ಲು ನೋಡಿ! ವಾಕ್ಯ ಎಷ್ಟು ಚೆನ್ನಾಗಿದೆ! ದೀರ್ಘ ಮಾತ್ರ ಸ್ವಲ್ಪ ಎಳೀಬೇಕಮ್ಮಾ, ಅಮಾ...ನ್. ಇವಳು ಇಲ್ಲೇ ಇರಲಿ ಅಬ್ಲಾ."

ಅವಳ ನದಿಯನ್ನು ಅವರು ಅಭಯವೆಂದು ಕೇಳಿಸಿಕೊಂಡಿದ್ದರು. ತಿದ್ದಿದರೆ ಹುಡುಗಿ ಕೈತಪ್ಪುತ್ತಾಳೆ.

ಸಾಹೇಬರು ಹೋದ ಮೇಲೆ ನಬ್ರಾ ನನ್ನ ನಿಲುವಂಗಿಯ ತುದಿ ಹಿಡಿದಳು. ಕೆನ್ನೆ ಇನ್ನೂ ಒದ್ದೆ, ಬಾಯಿ ಕಿವಿತನಕ.

"ಅಬ್ಲಾ, ಅವರಿಗೂ ನಮ್ ನದಿ ಗೊತ್ತಾ? ಅಜ್ಜಿ ಅಳೋದು ಅರ್ಥ ಆಯ್ತಾ ಅವರಿಗೆ?"

ಹೌದೆಂದು ಸುಳ್ಳು ಹೇಳಬಹುದಿತ್ತು. ಅದಕ್ಕೂ ಶಕ್ತಿ ಬೇಕು.

"ಇಲ್ಲ ಮಗಳೇ," ಎಂದೆ. "ನೀನು ಪಾಸಾದೆ. ಅಷ್ಟೇ."