ಓಬಣ್ಣ ದೋಣಿ ಬಿಚ್ಚಿದ್ದು

ಹೊನ್ನಾಳಿಯಿಂದ ಕೆಳಗೆ, ತುಂಗಭದ್ರೆ ಅಗಲವಾಗಿ ಹರಿಯುವ ಕಡೆ, ದಡದ ಹುಣಸೆಮರದಡಿ ಅಂಬಿಗರ ಓಬಣ್ಣ ದೋಣಿ ಕಟ್ಟುತ್ತಿದ್ದ, ಜನರನ್ನು ಹೊಳೆ ದಾಟಿಸುತ್ತಿದ್ದ. ಅವನಪ್ಪನೂ ಅದೇ ಹುಣಸೆಮರದ ನೆರಳಲ್ಲಿ ಕಟ್ಟಿದವನು. ಆಗೆಲ್ಲ ಅಲ್ಲಿ ರಿಪೇರಿಗೆ ಬಂದ ದೋಣಿಗಳು ಕವುಚಿ ಬಿದ್ದಿರುತ್ತಿದ್ದವು. ಡಾಂಬರು ಕಾಯಿಸುವ ವಾಸನೆ ಆಚೆ ದಡಕ್ಕೂ ಮುಟ್ಟುತ್ತಿತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ ಸೇತುವೆಯಾಯಿತು. ಆಮೇಲೆ ಯಾರೂ ಬರಲಿಲ್ಲ. ತಮ್ಮಂದಿರು ಮರಳು ಲಾರಿಯ ಕೆಲಸಕ್ಕೆ ಹೋದರು. ಓಬಣ್ಣನಿಗೆ ಉಳಿದದ್ದು ತನ್ನದೊಂದೇ ದೋಣಿ.

ಆಚೆ ದಡದ ಕಸ್ತೂರಮ್ಮ ಹೊನ್ನಾಳಿಗೆ ಮೊಸರು ಮಾರಲು ಹೋಗುವಾಕೆ. ಹೆಂಡತಿ ತೀರಿಕೊಂಡ ಮೇಲೆ ಓಬಣ್ಣ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಅವಳೊಬ್ಬಳ ಜೊತೆ, ಅದೂ ಹೊಳೆ ದಾಟಿಸುವಾಗ. ಈಗ ಅವಳೂ ಬಸ್ಸಿಗೆ ಹೋಗುತ್ತಿದ್ದಳು. ಒಂದು ದಿನ ಅವನೂ ಆಚೆ ದಡಕ್ಕೆ ಹೋಗಿ ಆ ಬಸ್ಸು ಹತ್ತಿದ.

"ಏನು ಓಬಣ್ಣ, ನೀನು ಬಸ್ಸಿನಾಗೆ!"

"ಸುಮ್ನೆ ಬಂದೆ ಅಕ್ಕ. ನಿನ್ನ ಸೊಸೆ ಹೆಂಗೈದಾಳೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಸೇತುವೆ ಮುಗಿದಿತ್ತು. ಸ್ಟಾಪಿನಲ್ಲಿ ಜನ ನುಗ್ಗಿ ನಡುವೆ ನಿಂತರು. ಉತ್ತರ ಕೇಳಿಸಲಿಲ್ಲ.

ಆ ಬೇಸಿಗೆ ಬಸವಾಪಟ್ಟಣದಿಂದ ಮರದ ವ್ಯಾಪಾರಿ ಜಯದೇವಪ್ಪ ಬಂದ. "ದೋಣಿ ಕೊಡ್ತೀಯೇನಪ್ಪ? ಹಲಗೆ ಬಾಗಿಲಿಗೆ ಆಗ್ತಾವೆ. ಒಡೆಯಾಕೆ ಆಳು ಕಳಿಸ್ತೀನಿ."

"ಕೊಡಲಿ ಹಾಕಿಸಬ್ಯಾಡ್ರಿ. ನಾನೇ ಬಿಚ್ಚಿಕೊಡ್ತೀನಿ."

ಮೊಳೆ ಕಿತ್ತು ಒಂದೊಂದೇ ಹಲಗೆ ಇಳಿಸಿದ. ತಳದ ಸಂದಿಗೆ ಹತ್ತಿ, ಡಾಂಬರು ತುಂಬಿದ್ದಳಲ್ಲ ಅವನ ಹೆಂಡತಿ, ಅವಳ ಬೆರಳಿನ ಗುರುತು ಹಾಗೇ ಕೂತಿತ್ತು. ಓಬಣ್ಣ ತನ್ನ ಬೆರಳಿಟ್ಟು ನೋಡಿದ. ಗುರುತು ಚಿಕ್ಕದು. "ಇಲ್ನೋಡು" ಎಂದು ತಿರುಗಿದ. ಹಿಂದೆ ಬರೀ ಮರಳಿತ್ತು. ಆ ಹಲಗೆಯನ್ನೂ ಲಾರಿಗೆ ಹೇರಿದ. ಇಟ್ಟುಕೊಂಡು ಮಾಡುವುದಾದರೂ ಏನು?

ಮಳೆಗಾಲ ಹತ್ತಿರವಿದ್ದಾಗ ಒಂದು ಸಂಜೆ ಆಚೆ ದಡದಿಂದ ಯಾರೋ ಕೂಗಿದರು: "ಅಂಬಿಗಪ್ಪಾ!"

ಒಬ್ಬಳು ಮುದುಕಿ, ಗಂಟು ಹೊತ್ತು ನಿಂತಿದ್ದಳು. "ಸೇತುವೆ ಮ್ಯಾಲೆ ಬಾ ತಾಯೀ!" ಎಂದು ಇವನು ಕೂಗಿದ. ಗಾಳಿಗೆ ಅವಳಿಗೆ ಕೇಳಿಸಲಿಲ್ಲ. ಅವಳು ಗಂಟಿಳಿಸಿ ಕುಳಿತಳು. ಕೊನೆಗೆ ಓಬಣ್ಣನೇ ಸೇತುವೆ ಸುತ್ತಿ ಅವಳಿದ್ದಲ್ಲಿಗೆ ನಡೆದ.

ಜಗಳೂರು ಕಡೆಗೆ ಕೊಟ್ಟಿದ್ದ ಹೆಣ್ಣು, ಹೆಸರು ಭೀಮಕ್ಕ. ಮದುವೆಯಾಗಿ ಹೋದ ಮೇಲೆ ಇದೇ ಮೊದಲ ಸಲ ತವರಿಗೆ ಬಂದವಳು, ಸೇತುವೆಯಾದದ್ದು ಗೊತ್ತಿರಲಿಲ್ಲ. "ದೋಣಿ ಎಲ್ಲಿ ಐತಪ್ಪಾ?" ಎಂದಳು.

"ಇಲ್ಲಮ್ಮ. ನಡ್ಕೊಂಡು ಹೋಗೋಣ ಬಾ."

ಗಂಟು ಹೆಗಲಿಗೇರಿಸಿಕೊಂಡ. ಸೇತುವೆಯುದ್ದಕ್ಕೂ ಅವಳು ಸತ್ತುಹೋದ ಅಣ್ಣನ ಸುದ್ದಿ ಹೇಳಿದಳು. ಓಬಣ್ಣ ಹೆಜ್ಜೆ ಸಣ್ಣ ಮಾಡಿಕೊಂಡು ಕೇಳಿದ. ಊರ ಬಾಗಿಲಲ್ಲಿ ಅವಳು ಗಂಟು ತೆಗೆದುಕೊಂಡು ಹೋದಳು. ಅವನು ಹೆಗಲು ಒರೆಸಿಕೊಂಡು ಮನೆ ಕಡೆ ಹೊರಟ.