ಚಿಲಕವಿಲ್ಲದ ಬಂದೂಕು

ನಮ್ಮ ಊರಿನಲ್ಲಿ ಬಂದೂಕು ಬಿಟ್ಟರೆ ಬೇರೆ ಕಸುಬಿಲ್ಲ. ಗಂಡಸರು ನಳಿಗೆ ಕೊರೆಯುತ್ತಾರೆ, ಹೆಂಗಸರು ಅದಕ್ಕೆ ಕಪ್ಪು ಬಣ್ಣ ಹಚ್ಚುತ್ತಾರೆ. ಸಂಜೆ ಎಲ್ಲರೂ ಒಂದೇ ಬಸ್ಸಿನಲ್ಲಿ ನೇತಾಡಿಕೊಂಡು ಮನೆಗೆ ಹೋಗುತ್ತಾರೆ. ಆದರೂ ಅದು ಸರ್ಕಾರದ ಗುಟ್ಟು, ಆ ಕೆಲಸದ ಮಾತನ್ನು ಮನೆಯೊಳಗೆ ಎತ್ತುವಂತಿಲ್ಲ. ನಾನು ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ನಕ್ಷೆ ಬರೆಯುತ್ತಿದ್ದೆ. ನಮಗೆ ಮುಖ್ಯಸ್ಥರಾಗಿದ್ದವರು ಅವೆರ್ಯಾನ್ ಫೋಮಿಚ್ ದ್ರೋಜ್ದೋವ್.

ಯುದ್ಧದಲ್ಲಿ ಅವರ ತುಕಡಿಯ ಬಂದೂಕುಗಳು ಚಳಿಗೆ ಕಚ್ಚಿಕೊಂಡು ಹಾರದೇ ಹೋಗಿ, ಅಕ್ಕಪಕ್ಕದವರೆಲ್ಲ ಸತ್ತಿದ್ದರಂತೆ. ಸೈನಿಕನಿಗೆ ಕೈಕೊಡದ ಒಂದು ಬಂದೂಕು ಮಾಡಬೇಕು ಎಂದು ಅವರು ಹಟ ಹಿಡಿದದ್ದು ಆಗಲೇ. ಅಲ್ಲಿಂದ ಮುಂದೆ ಎಷ್ಟೋ ಬಂದೂಕು ಮಾಡಿದರು. ಮಾಸ್ಕೋದ ಪರೀಕ್ಷೆಯಲ್ಲಿ ಒಂದೊಂದೂ ಬಿದ್ದುಹೋಯಿತು. ತಲೆ ಪೂರ್ತಿ ಬೆಳ್ಳಗಾದ ಮೇಲೆ ಕೊನೆಗೊಂದು ಗೆದ್ದಿತು: ಲಾರಿಯವರಿಗೂ ಟ್ಯಾಂಕಿನವರಿಗೂ ಒಗ್ಗುವಂಥ, ಪಟಪಟನೆ ಹಾರುವ ಗಿಡ್ಡ ಬಂದೂಕು.

ಅದರಲ್ಲಿ ಒಂದೇ ಒಂದು ತೊಡಕಿತ್ತು. ಗುಂಡು ತುಂಬಿದ ಬಂದೂಕಿನ ಬುಡ ನೆಲಕ್ಕೆ ಬಡಿದರೆ ಒಳಗೆ ಗುಂಡನ್ನು ಮುಂದಕ್ಕೆ ತಳ್ಳುವ ಬೋಲ್ಟು ಕುಪ್ಪಳಿಸಿ, ಟ್ರಿಗರ್ ಮುಟ್ಟದೆಯೇ ಗುಂಡು ಹಾರುತ್ತಿತ್ತು. ಅವೆರ್ಯಾನ್ ಫೋಮಿಚ್ ಅದನ್ನು ಹಿಡಿದಿಡಲು ಉಗುರಿನಷ್ಟು ದೊಡ್ಡ ಉಕ್ಕಿನ ಚಿಲಕವೊಂದನ್ನು ಇಟ್ಟರು. ಆದರೆ ನಮ್ಮ ಹಳೇ ಯಂತ್ರಗಳಲ್ಲಿ ತಗಡು ಒತ್ತಿ ಅದನ್ನು ಮಾಡಲು ಹೋದರೆ ಅರ್ಧಕ್ಕರ್ಧ ಚಿಲಕಗಳು ಸೀಳಿಹೋಗುತ್ತಿದ್ದವು.

ಕಾರ್ಖಾನೆಯ ನಿರ್ದೇಶಕ ಸವೇಲಿ ಮಿರೋನಿಚ್ ಒಂದು ದಿನ ನಮ್ಮ ಕೋಣೆಗೇ ಬಂದ.

"ಏನ್ರೀ ಇದು, ಈ ಚೂರು ತಗಡಿಗೋಸ್ಕರ ಇಡೀ ಕಾರ್ಖಾನೆ ಕೈಕಟ್ಟಿ ಕೂತಿದೆಯಲ್ರೀ! ನವೆಂಬರಿನ ಕ್ರಾಂತಿ ಹಬ್ಬಕ್ಕೆ ಮೊದಲ ಕಂತು ಹೋಗ್ಲೇಬೇಕು. ತೆಗೆದುಹಾಕಿ ಅದನ್ನ."

"ಚಿಲಕ ಇಲ್ದಿದ್ರೆ ಬಿದ್ದಾಗ ಹಾರುತ್ತೆ, ಸವೇಲಿ ಮಿರೋನಿಚ್," ಎಂದರು ಅವೆರ್ಯಾನ್ ಫೋಮಿಚ್.

"ಸೈನಿಕ ಅಂದ್ಮೇಲೆ ಬಂದೂಕು ಯಾಕ್ರೀ ಬೀಳಿಸ್ತಾನೆ? ಬೀಳಿಸಿದ್ರೆ ಅವನ ತಪ್ಪು."

"ಮನುಷ್ಯನ ಕೈಯಿಂದ ಬೀಳದ ವಸ್ತು ಯಾವುದಿದೆ?"

ಸವೇಲಿ ಮಿರೋನಿಚ್ ಕುರ್ಚಿ ಎಳೆದುಕೊಂಡು ಕೂತು ದನಿ ಇಳಿಸಿದ. "ಅಣ್ಣಾ, ಹಟ ಮಾಡ್ಬೇಡಿ. ಇದೂ ತಪ್ಪಿಹೋದ್ರೆ ದ್ರೋಜ್ದೋವ್ ಬಂದೂಕು ಅಂತ ಈ ಭೂಮಿ ಮೇಲೆ ಒಂದೂ ಇರಲ್ಲ. ಈಗ ಕಳಿಸೋಣ. ಬರೋ ವರ್ಷ ಹೊಸ ಯಂತ್ರ ಬರುತ್ತೆ, ಆಗ ಚಿಲಕ ಹಾಕ್ಕೊಳ್ಳಿ. ಯಾರು ಬೇಡ ಅಂತಾರೆ?"

ಅವೆರ್ಯಾನ್ ಫೋಮಿಚ್ ನನ್ನ ಮೇಜಿನ ಮೇಲಿದ್ದ ಬ್ಲೇಡು ತೆಗೆದುಕೊಂಡು, ನಕ್ಷೆಯಿಂದ ಚಿಲಕದ ಗೆರೆಗಳನ್ನು ತಾವೇ ಕೆರೆದು ತೆಗೆದು ಸಹಿ ಹಾಕಿದರು.

ಬಂದೂಕು ಸೈನ್ಯಕ್ಕೆ ಹೋಯಿತು. ಅವರಿಗೆ ಪದಕ ಬಂತು, ಹೊಸ ಮನೆ ಸಿಕ್ಕಿತು. ಬರೋ ವರ್ಷ ಎಂದಿದ್ದ ಯಂತ್ರ ಮಾತ್ರ ಬರಲಿಲ್ಲ. ಅವರು ಕೇಳುವುದನ್ನೂ ಬಿಟ್ಟರು.

ಬಣ್ಣ ಹಚ್ಚುವ ವಿಭಾಗದಲ್ಲಿ ಉಲ್ಯಾನಾ ಎಂಬವಳಿದ್ದಳು. ನಮ್ಮ ಕಟ್ಟಡದವಳೇ. ಗಂಡ ಇಲ್ಲ, ಇದ್ದವನು ಒಬ್ಬನೇ ಮಗ, ಪ್ರೋಖೋರ್. ಮೆಟ್ಟಿಲ ಮೇಲೆ ಸೀಟಿ ಹೊಡೆದುಕೊಂಡು ಓಡಾಡುತ್ತಿದ್ದ ತುಂಟ. ಸೈನ್ಯಕ್ಕೆ ಹೋದವನು ಸತುವಿನ ಶವಪೆಟ್ಟಿಗೆಯಲ್ಲಿ ವಾಪಸು ಬಂದ. ತಾನೇ ಗುಂಡು ಹಾರಿಸಿಕೊಂಡು ಸತ್ತ ಎಂದು ಪೆಟ್ಟಿಗೆಯ ಜೊತೆ ಬಂದಿದ್ದ ಅಧಿಕಾರಿ ಹೇಳಿದ. ಅಂಥವರ ಗೋರಿಗೆ ಸೈನಿಕರ ಕೆಂಪು ನಕ್ಷತ್ರ ಇಡುವಂತಿಲ್ಲ. ಅಂಗಡಿ ಸಾಲಿನಲ್ಲಿ ಹೆಂಗಸರು ಅವಳನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು.

ಕೆಲವು ತಿಂಗಳ ಮೇಲೆ ಪ್ರೋಖೋರನ ತುಕಡಿಯ ಗೆಳೆಯನೊಬ್ಬ ಊರಿಗೆ ಬಂದವನು ಅವಳ ಕಿವಿಯಲ್ಲಿ ನಿಜ ಹೇಳಿದ. ಲಾರಿಯಿಂದ ಕೆಳಗೆ ಹಾರಿದಾಗ ಬಂದೂಕಿನ ಬುಡ ನೆಲಕ್ಕೆ ಬಡಿದು, ಗುಂಡು ಗದ್ದದ ಕೆಳಗೆ ಹೊಕ್ಕಿತು. ಸಾಕ್ಷಿ ಹೇಳು ಎಂದರೆ ಹೆದರಿ ಓಡಿಹೋದ.

ಮರುದಿನ ಮಧ್ಯಾಹ್ನ ಉಲ್ಯಾನಾ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನೇರ ನಮ್ಮ ಮೇಜಿಗೆ ಬಂದಳು. ಅವೆರ್ಯಾನ್ ಫೋಮಿಚ್ ಕೋಸಿನ ಸೂಪಿಗೆ ಬ್ರೆಡ್ಡು ಮುರಿದು ಹಾಕುತ್ತಿದ್ದರು. ಪಕ್ಕದ ಮೇಜಿನಲ್ಲೇ ಸವೇಲಿ ಮಿರೋನಿಚ್ ಇದ್ದ.

"ನೀವು ಮಾಡಿದ ಬಂದೂಕು. ನೀವೇ ಹೇಳಿ, ಟ್ರಿಗರ್ ಮುಟ್ಟದೆ ಅದು ಹಾರುತ್ತಾ?"

ಸವೇಲಿ ಮಿರೋನಿಚ್ ಚಮಚ ಕೆಳಗಿಟ್ಟ.

"ಇಲ್ಲಮ್ಮಾ, ಹಾರಲ್ಲ," ಎಂದರು ಅವೆರ್ಯಾನ್ ಫೋಮಿಚ್.

"ಅಂದ್ರೆ ನನ್ನ ಮಗ ತಾನೇ ಸತ್ತ ಅಂತೀರಾ?"

ಅವರು ಸೂಪಿಗೆ ಇನ್ನೊಂದು ಚೂರು ಬ್ರೆಡ್ಡು ಹಾಕಿದರು.

"ಸರಿ, ಊಟ ಮಾಡಿ. ಆರಿಹೋಗ್ತಿದೆ," ಎಂದು ಹೇಳಿ ಅವಳು ಹೊರಟುಹೋದಳು.

ಅಂದಿನಿಂದ ಅವರು ಕ್ಯಾಂಟೀನಿಗೆ ಕಾಲಿಡಲಿಲ್ಲ. ಕೆಲಸಕ್ಕೆ ಬರುತ್ತಿದ್ದರು, ಬೋರ್ಡಿನ ಮುಂದೆ ಕೂರುತ್ತಿದ್ದರು, ಒಂದು ಗೆರೆ ಎಳೆಯುತ್ತಿರಲಿಲ್ಲ. ಬಾಯಿಂದ ವೋಡ್ಕಾ ವಾಸನೆ ಬರುತ್ತಿತ್ತು.

ಚಳಿಗಾಲ ಕಾಲಿಡುವ ಹೊತ್ತಿಗೆ ಮಾಸ್ಕೋದಿಂದ ಒಬ್ಬ ಜನರಲ್ ಬಂದ. ಗುಂಡು ಹಾರಿಸಿ ನೋಡುವ ಶೆಡ್ಡಿನಲ್ಲಿ ಅವನ ಮುಂದೆ ಪ್ರದರ್ಶನ. ಅವೆರ್ಯಾನ್ ಫೋಮಿಚ್ ಶೇವ್ ಮಾಡಿ, ಪದಕ ಹಾಕಿಕೊಂಡು ಬಂದಿದ್ದರು. ಗುಂಡು ತುಂಬಿದ ಬಂದೂಕನ್ನು ಕೈಗೆತ್ತಿಕೊಂಡು, ಎಲ್ಲರನ್ನೂ ಹಿಂದೆ ಸರಿಸಿ, "ನೋಡಿ," ಎಂದಷ್ಟೇ ಹೇಳಿ, ಬುಡವನ್ನು ಕಾಂಕ್ರೀಟಿಗೆ ಕುಟ್ಟಿದರು.

ಢಂ ಎಂದಿತು. ಗುಂಡು ಚಾವಣಿಯ ಹಲಗೆಗೆ ನಾಟಿ, ಉದುರಿದ ಧೂಳು ಜನರಲ್‌ನ ಟೋಪಿಯ ಮೇಲೆ ಬಿತ್ತು.

"ಉಲ್ಯಾನಾಳ ಮಗ ಸತ್ತಿದ್ದು ಹೀಗೆ," ಎಂದರು. "ನಾನೇ ಸಹಿ ಹಾಕಿದ್ದು."

ಜನರಲ್ ಟೋಪಿ ತೆಗೆದು ಕೊಡವಿಕೊಂಡ. "ಈ ಮುದುಕನಿಗೆ ಹುಷಾರಿಲ್ವೇನ್ರೀ?" ಎಂದು ನಿರ್ದೇಶಕನನ್ನು ಕೇಳಿದ.

"ನರದ ಕಾಯಿಲೆ, ಕಾಮ್ರೇಡ್ ಜನರಲ್. ಎಷ್ಟು ದಿನದಿಂದ ಹೇಳ್ತಿದ್ದೀನಿ, ರಜಾ ಹಾಕಿ ಅಂತ. ಕೇಳೋದೇ ಇಲ್ಲ."

ಅವರನ್ನು ಆಸ್ಪತ್ರೆಗೆ ಸೇರಿಸಿದರು. ಹೊರಗೆ ಬರುವಷ್ಟರಲ್ಲಿ ನಿವೃತ್ತಿಯಾಗಿತ್ತು. ಹೊಸ ಯಂತ್ರವೂ ಬಂದಿತ್ತು. ಸೈನ್ಯದಿಂದ ಬಂದೂಕುಗಳನ್ನೆಲ್ಲ ಸದ್ದಿಲ್ಲದೆ ತರಿಸಿ, ಚಿಲಕ ಹಾಕಿ, ವಾಪಸು ಕಳಿಸಿದರು. ಆ ಸುಧಾರಣೆಗಾಗಿ ಸವೇಲಿ ಮಿರೋನಿಚ್‌ಗೆ ಪದಕ ಸಿಕ್ಕಿತು. ದ್ರೋಜ್ದೋವ್ ಎಂಬ ಹೆಸರು ಹೋಗಿ ಬಂದೂಕಿಗೆ ಒಂದು ನಂಬರು ಉಳಿಯಿತು.

ಅವೆರ್ಯಾನ್ ಫೋಮಿಚ್ ಒಂದು ಭಾನುವಾರ ನಮ್ಮ ಕಟ್ಟಡಕ್ಕೆ ಬಂದರು. ಉಲ್ಯಾನಾ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಎದುರು ಮನೆಯ ಹೊಸ್ತಿಲಲ್ಲಿ ನಾನಿದ್ದೆ.

"ಅವತ್ತು ಸುಳ್ಳು ಹೇಳ್ದೆ, ತಾಯಿ."

"ಗೊತ್ತು. ನಿಮಗೆ ಯಾವಾಗ್ಲಿಂದ ಗೊತ್ತಿತ್ತು, ಅದನ್ನ ಹೇಳಿ."

"ಸಹಿ ಹಾಕೋಕೆ ಮುಂಚೇನೇ."

ಅವಳು ಬೈಯಲಿಲ್ಲ, ಅಳಲಿಲ್ಲ. "ನಾಳೆ ಬೆಳಗ್ಗೆ ರೈಲಿಗೆ ಬನ್ನಿ. ಸೈನ್ಯದ ಪ್ರಾಸಿಕ್ಯೂಟರ್ ಮುಂದೆ ಇದನ್ನೇ ಹೇಳಿ." ಎಂದು ನನ್ನ ಕಡೆ ತಿರುಗಿದಳು. "ತಾಯಾ, ನೀನೂ ಬಾರೇ. ಇವರ ಜೊತೆ ಒಬ್ಬಳೇ ಕೂರೋಕೆ ನನ್ನ ಕೈಲಾಗಲ್ಲ."

ಮೂವರೂ ಹೋದೆವು. ಪ್ರಾಸಿಕ್ಯೂಟರ್ ತೀರಾ ಚಿಕ್ಕ ವಯಸ್ಸಿನವನು, ಒಳ್ಳೆಯ ಮಾತಿನವನು. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

"ಚಿಲಕ ಇಲ್ಲದ ಬಂದೂಕು ಅಂತೀರಿ. ಎಲ್ಲಿದೆ ಅಂಥದ್ದು, ಒಂದು ತೋರಿಸಿ ನೋಡೋಣ."

"ಈಗಿಲ್ಲ. ಎಲ್ಲಕ್ಕೂ ಹಾಕಿಬಿಟ್ಟಿದ್ದಾರೆ," ಎಂದರು ಅವೆರ್ಯಾನ್ ಫೋಮಿಚ್.

"ಚಿಲಕ ಇದ್ರೆ ಬಿದ್ದಾಗ ಹಾರುತ್ತಾ?"

"ಹಾರಲ್ಲ."

"ಮತ್ತಿನ್ನೇನು?" ಎಂದು ಅವನು ಪೆನ್ನು ಮುಚ್ಚಿದ. "ತಾತ, ನಿಮ್ಮನ್ನ ಯಾವ ಆಸ್ಪತ್ರೇಲಿ ಇಟ್ಟಿದ್ರು?"

ರೈಲು ತಡವಾಗಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಉಲ್ಯಾನಾ ಬಟ್ಟೆಯ ಗಂಟು ಬಿಚ್ಚಿ, ಅಣಬೆ ತುಂಬಿದ ಕಡುಬನ್ನು ಮುರಿದು ನನಗೊಂದು ತುಂಡು ಕೊಟ್ಟಳು. ಆಮೇಲೆ ಮುಖ ಅತ್ತ ಮಾಡಿ ಅವರ ಕಡೆಗೂ ಕೈ ಚಾಚಿದಳು.

"ತಗೊಳ್ಳಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು."

ಅವರು ತಿಂದರು. ಅರ್ಧದಷ್ಟು ಕೋಟಿನ ಮೇಲೆ ಉದುರಿತು. ರೈಲಿನ ಸದ್ದು ಕೇಳಿದಾಗ ಅವಳು ಗಂಟು ಕಟ್ಟಿ ಎದ್ದಳು.

"ನೀವು ಬೇರೆ ಬೋಗಿ ಹತ್ತಿ," ಎಂದಳು. "ಊರು ಬರೋವರೆಗೂ ನಿಮ್ಮ ಮುಖ ನೋಡ್ತಾ ಕೂರೋಕೆ ಆಗಲ್ಲ."

ಅವೆರ್ಯಾನ್ ಫೋಮಿಚ್ ತಲೆಯಾಡಿಸಿ, ಪ್ಲಾಟ್‌ಫಾರ್ಮಿನ ಆ ತುದಿಯತ್ತ ನಡೆದುಹೋದರು.